ಸ್ಯಾಮ್ ಲ್ಯಾಂಗ್‌ಫೋರ್ಡ್ ಹೆಸರಿನ ಹಳೆಯ ವಸ್ತು ಕೊಳ್ಳುವವರಿಗೆ: ಕಾರ್ಡಾ, ಫೋಟೊನಾ, ಸಹಿನಾ?

ದೊಡ್ಡ ಬಾಕ್ಸರ್‌ಗಳ ವಸ್ತು ಸಂಗ್ರಹಿಸುವವರು ಸಾಮಾನ್ಯವಾಗಿ ಬೆಲ್ಟ್, ಟೈಟಲ್ ಫೈಟಿನ ಗ್ಲೌಸ್, ಗೆದ್ದ ರಾತ್ರಿಯ ಪೋಸ್ಟರ್ ಇಂಥದ್ದನ್ನೇ ಮೊದಲು ಹುಡುಕುತ್ತಾರೆ. ಅದು ಕೈಗೆಟುಕದಿದ್ದರೆ ಸಹಿ ಮಾಡಿದ ಫೋಟೊ. ಸ್ಯಾಮ್ ಲ್ಯಾಂಗ್‌ಫೋರ್ಡ್ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆತ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ಆಗಲು ಬಿಡಲಿಲ್ಲ ಅಂದರೇ ಸರಿ. ಬೆಲ್ಟ್ ಇಲ್ಲ, ಟೈಟಲ್ ಗೆದ್ದ ರಾತ್ರಿಯೂ ಇಲ್ಲ. ಮಾರುಕಟ್ಟೆಗೆ ಬರುವುದೆಲ್ಲ ಹೆಚ್ಚುಕಡಿಮೆ ಕಾಗದವೇ. ಸಿಗರೇಟ್ ಕಾರ್ಡ್, ಪತ್ರಿಕೆಯವರ ಫೋಟೊ, ಪೋಸ್ಟ್‌ಕಾರ್ಡ್, ಪ್ರೋಗ್ರಾಮ್ (ಪಂದ್ಯದ ರಾತ್ರಿ ಪ್ರೇಕ್ಷಕರಿಗೆ ಸಿಗುವ ಪುಸ್ತಿಕೆ), ಹಳೆಯ ಪೇಪರ್, ಮತ್ತೆ ಅವನದೇ ಸಹಿ ಅಂತ ಹೇಳಿ ಮಾರುವ ಕೆಲವು ತುಂಡುಗಳು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮೊದಲು 1910ರ ಸಿಗರೇಟ್ ಕಾರ್ಡ್, ಆಮೇಲೆ ಹಿಂಬದಿಯಲ್ಲಿ ಬರಹ ಇರುವ ಅಸಲಿ ಫೋಟೊ, ಎಲ್ಲಕ್ಕಿಂತ ಕೊನೆಗೆ ಸಹಿ.

ಹೆಸರು ಹೊಸದು ಅನ್ನಿಸುವವರಿಗೆ ಸ್ವಲ್ಪ ಹಿನ್ನೆಲೆ. ಲ್ಯಾಂಗ್‌ಫೋರ್ಡ್ ಕಪ್ಪು ಬಾಕ್ಸರ್, ಹುಟ್ಟಿದ್ದು ಕೆನಡಾದ ನೋವಾ ಸ್ಕೋಷಿಯಾದ ವೇಮತ್ ಫಾಲ್ಸ್‌ನಲ್ಲಿ, 1880ರ ದಶಕದಲ್ಲಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬಾಸ್ಟನ್ ಸೇರಿದ. ಎತ್ತರ ಐದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1903ರ ಡಿಸೆಂಬರ್‌ನಲ್ಲಿ ಲೈಟ್‌ವೇಟ್ ಚಾಂಪಿಯನ್ ಜೋ ಗ್ಯಾನ್ಸ್‌ನನ್ನೇ 15 ಸುತ್ತಿನಲ್ಲಿ ಸೋಲಿಸಿದ. ಆದರೆ ಲ್ಯಾಂಗ್‌ಫೋರ್ಡ್ ತೂಕ ಆ ವರ್ಗದ ಮಿತಿಗಿಂತ ಜಾಸ್ತಿ ಇದ್ದಿದ್ದರಿಂದ ಟೈಟಲ್ ಪಣಕ್ಕಿರಲಿಲ್ಲ. ಮರುವರ್ಷ ವೆಲ್ಟರ್‌ವೇಟ್ ಚಾಂಪಿಯನ್ ಜೋ ವಾಲ್ಕಾಟ್ ಜೊತೆ 15 ಸುತ್ತು ಆಡಿ ಡ್ರಾ ಆಯಿತು. ಗೆದ್ದವನು ಲ್ಯಾಂಗ್‌ಫೋರ್ಡೇ ಅಂತ ಹಲವರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. 1906ರ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಚೆಲ್ಸಿಯಲ್ಲಿ ಜಾಕ್ ಜಾನ್ಸನ್ ಎದುರು 15 ಸುತ್ತು ನಿಂತು ಸೋತ. ಜಾನ್ಸನ್ ಅವನಿಗಿಂತ ಸುಮಾರು 30 ಪೌಂಡ್ ಭಾರ ಇದ್ದ. 1908ರ ಡಿಸೆಂಬರ್‌ನಲ್ಲಿ ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. 1915ರಲ್ಲಿ ಹವಾನಾದಲ್ಲಿ ಸೋಲುವವರೆಗೂ ಪಟ್ಟ ಅವನದೇ. ಅಷ್ಟೂ ವರ್ಷ ಲ್ಯಾಂಗ್‌ಫೋರ್ಡ್ ಇನ್ನೊಂದು ಅವಕಾಶ ಕೇಳುತ್ತಲೇ ಇದ್ದ, ಜಾನ್ಸನ್ ಕೊಡಲೇ ಇಲ್ಲ. ಆಮೇಲಂತೂ ಬಾಗಿಲೇ ಮುಚ್ಚಿತು. ಕಪ್ಪು ಬಾಕ್ಸರ್ ಒಬ್ಬನಿಗೆ ಮತ್ತೆ ಹೆವಿವೇಟ್ ಟೈಟಲ್‌ಗೆ ಆಡಲು ಸಿಕ್ಕಿದ್ದು 1937ರಲ್ಲಿ, ಜೋ ಲೂಯಿಗೆ. ನಡುವೆ ಚಾಂಪಿಯನ್ ಆಗಿದ್ದ ಜಾಕ್ ಡೆಂಪ್ಸಿ, ತಾನು ಹೆದರಿದ್ದು ಲ್ಯಾಂಗ್‌ಫೋರ್ಡ್ ಒಬ್ಬನಿಗೇ ಅಂತ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಹಾಗಾಗಿ ಲ್ಯಾಂಗ್‌ಫೋರ್ಡ್ ಮತ್ತೆ ಮತ್ತೆ ಅದೇ ಮೂರು ಜನರ ಜೊತೆ ಹೊಡೆದಾಡಿದ: ಹ್ಯಾರಿ ವಿಲ್ಸ್, ಜೋ ಜೆನೆಟ್, ಸ್ಯಾಮ್ ಮ್ಯಾಕ್‌ವೇ. ಒಬ್ಬೊಬ್ಬರ ಜೊತೆಯೂ ಹತ್ತಕ್ಕಿಂತ ಹೆಚ್ಚು ಸಲ. ಅವರೂ ಕಪ್ಪು ಬಾಕ್ಸರ್‌ಗಳೇ, ಅವರಿಗೂ ಟೈಟಲ್ ಅವಕಾಶ ಸಿಗುತ್ತಿರಲಿಲ್ಲ. ಒಟ್ಟು ದಾಖಲಾದ ಬೌಟ್‌ಗಳೇ (ಪಂದ್ಯಗಳೇ) 250ಕ್ಕಿಂತ ಜಾಸ್ತಿ. ಕೊಳ್ಳುವವರಿಗೆ ಇದರಿಂದ ಒಂದು ಅನುಕೂಲ ಇದೆ, ಕಾಗದದಲ್ಲಿ ಅವನ ಗುರುತು ತುಂಬಾ ಕಡೆ ಉಳಿದಿದೆ. ಬಾಸ್ಟನ್, ಲಂಡನ್, ಪ್ಯಾರಿಸ್, ಸಿಡ್ನಿ, ಮೆಕ್ಸಿಕೊ, ಎಲ್ಲಿ ಹುಡುಕಿದರೂ ಏನಾದರೂ ಸಿಗುತ್ತದೆ.

ಒಂದು ಎಚ್ಚರಿಕೆ. ಮಾರುವವರು "ವಿಶ್ವ ಚಾಂಪಿಯನ್ ಸ್ಯಾಮ್ ಲ್ಯಾಂಗ್‌ಫೋರ್ಡ್" ಅಂತ ಬರೆದಿದ್ದರೆ ಅಲ್ಲೇ ನಿಂತು ಯೋಚಿಸಿ. ವರ್ಲ್ಡ್ ಕಲರ್ಡ್ ಹೆವಿವೇಟ್ ಚಾಂಪಿಯನ್ ಅನ್ನುವ ಬೇರೆ ಪಟ್ಟ ಒಂದಿತ್ತು, ಕಪ್ಪು ಬಾಕ್ಸರ್‌ಗಳ ನಡುವೆ ಮಾತ್ರ. ಅದನ್ನು ಆತ ಹಲವು ಸಲ ಗೆದ್ದಿದ್ದ. 1923ರಲ್ಲಿ, ಕಣ್ಣು ಹೆಚ್ಚುಕಡಿಮೆ ಕಾಣದ ಸ್ಥಿತಿಯಲ್ಲಿ, ಮೆಕ್ಸಿಕೊದ ಹೆವಿವೇಟ್ ಪಟ್ಟವನ್ನೂ ಗೆದ್ದ. ಈ ಎರಡಕ್ಕೆ ಸಂಬಂಧಿಸಿದ ಅಸಲಿ ಕಾಗದ ಸಿಕ್ಕರೆ ಖಂಡಿತ ಬೆಲೆಯುಳ್ಳದ್ದು. ಆದರೆ ಯಾವ ಪಟ್ಟ ಅಂತ ಬಿಡಿಸಿ ಹೇಳದೆ ಬರೀ "ವಿಶ್ವ ಚಾಂಪಿಯನ್" ಅನ್ನುವವನಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ.

ಸಿಗರೇಟ್ ಕಾರ್ಡ್

ನನಗೆ ಇದೇ ಮೊದಲ ಆಯ್ಕೆ. 1910ರ ಸುಮಾರಿಗೆ ಅಮೆರಿಕದಲ್ಲಿ ಮೆಕ್ಕಾ, ಹಸನ್ ಅನ್ನುವ ಸಿಗರೇಟ್ ಪ್ಯಾಕ್‌ಗಳ ಜೊತೆ ಕ್ರೀಡಾಪಟುಗಳ ಬಣ್ಣದ ಕಾರ್ಡ್ ಬರುತ್ತಿತ್ತು. ಸಂಗ್ರಹಕಾರರು ಇದನ್ನು ಟಿ218 ಅಂತ ಕರೆಯುತ್ತಾರೆ. ಓಟಗಾರರು, ಈಜುಗಾರರು, ಬಾಕ್ಸರ್‌ಗಳು ಎಲ್ಲ ಸೇರಿ 150ಕ್ಕೂ ಹೆಚ್ಚು ಕಾರ್ಡ್‌ಗಳ ಸರಣಿ ಅದು. ಅದರಲ್ಲಿ ಲ್ಯಾಂಗ್‌ಫೋರ್ಡ್ ಇದ್ದಾನೆ. ಸರಣಿಯ ಹೆಸರಲ್ಲೇ ಚಾಂಪಿಯನ್ ಅಂತ ಇದೆ. ಪ್ರಮೋಟರ್‌ಗಳು ಅವನನ್ನು ಟೈಟಲ್ ರಿಂಗಿನ ಹತ್ತಿರ ಬಿಡದಿದ್ದ ಕಾಲದಲ್ಲೇ ಸಿಗರೇಟ್ ಕಂಪನಿಯವರು ಅವನ ಚಿತ್ರ ಅಚ್ಚು ಹಾಕಿ, ಚಾಂಪಿಯನ್‌ಗಳ ಸಾಲಿನಲ್ಲಿ ಸೇರಿಸಿ ಅಂಗಡಿ ಅಂಗಡಿಗೆ ಕಳಿಸಿದರು. ನನಗೆ ಈ ಕಾರ್ಡ್ ಇಷ್ಟವಾಗಲು ದೊಡ್ಡ ಕಾರಣ ಇದೇ. ಆ ಕಾಲದ ಜನ ಅವನನ್ನು ಯಾರ ಜೊತೆ ನಿಲ್ಲಿಸಿ ನೋಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ?

ಇನ್ನೊಂದು ಕಾರಣ ಬೆಲೆ. ಒಂದೇ ಸರಣಿಯ ಕಾರ್ಡ್‌ಗಳಲ್ಲೇ ಜಾಕ್ ಜಾನ್ಸನ್ ಬೇಕು ಅನ್ನುವವರು ಜಾಸ್ತಿ. ಪಟ್ಟ ಇದ್ದವನ ಹಿಂದೆ ಜನ ಹೋಗುತ್ತಾರೆ, ಪಟ್ಟ ಇಲ್ಲದವನ ಕಾರ್ಡ್ ನಮ್ಮಂಥವರಿಗೆ ಉಳಿಯುತ್ತದೆ. ಅದರಲ್ಲೂ ಮೂಲೆ ಸವೆದ, ಮಧ್ಯೆ ಸಣ್ಣ ಮಡಿಕೆ ಬಿದ್ದ ಕಾರ್ಡ್ ತೆಗೆದುಕೊಳ್ಳಿ. ಮುಖ ಸ್ಪಷ್ಟವಾಗಿದ್ದು ಹಿಂಬದಿಯ ಅಕ್ಷರ ಓದುವಂತಿದ್ದರೆ ಸಾಕು. ನೂರು ವರ್ಷ ದಾಟಿದ ಕಾಗದದ ಮೂಲೆ ಸ್ವಲ್ಪ ದುಂಡಗಾಗಿರುವುದೇ ಸಹಜ ಅಲ್ವಾ?

ಮೂಲೆ ಬ್ಲೇಡಿನಂತೆ ಚೂಪಾಗಿದ್ದರೆ ನಾನು ಅನುಮಾನ ಪಡುತ್ತೇನೆ. ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ಕಾಣಿಸುವ ಚಾಳಿ ಈ ವ್ಯಾಪಾರದಲ್ಲಿ ಹಳೆಯದು. ಜಗತ್ತಿನಲ್ಲೇ ಹೆಸರುವಾಸಿಯಾದ ಬೇಸ್‌ಬಾಲ್ ಕಾರ್ಡ್, ಹೋನಸ್ ವ್ಯಾಗ್ನರ್‌ದು, ಅದರ ಅಂಚನ್ನೇ ಕತ್ತರಿಸಿದ್ದಾಗಿ ಬಿಲ್ ಮ್ಯಾಸ್ಟ್ರೊ ಅನ್ನುವ ದೊಡ್ಡ ಹರಾಜುದಾರ 2013ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡ. ಆ ಕಾರ್ಡಿಗೆ, ಕಾರ್ಡ್‌ಗಳ ಸ್ಥಿತಿ ಪರೀಕ್ಷಿಸಿ ಗ್ರೇಡ್ ಕೊಡುವ ಪಿಎಸ್‌ಎ ಕಂಪನಿ ಒಳ್ಳೆಯ ಗ್ರೇಡ್ ಕೊಟ್ಟಿತ್ತು. ಗ್ರೇಡ್ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಕೊಡುವ ಪಿಎಸ್‌ಎ, ಎಸ್‌ಜಿಸಿ ಕಂಪನಿಗಳ ಕಾರ್ಡ್ ದೂರದಿಂದ ಕೊಳ್ಳುವವರಿಗೆ ಒಳ್ಳೆಯದೇ, ನಾನೂ ಅದನ್ನೇ ಹೇಳುತ್ತೇನೆ, ಆದರೆ ಸೀಲ್ ಇದೆ ಅಂತ ಕಣ್ಣು ಮುಚ್ಚಿ ಕೊಳ್ಳಬೇಡಿ. ಸೀಲ್ ಮೇಲಿನ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಫೋಟೊ ಹೊಂದುತ್ತದೆಯಾ ಅಂತ ನೋಡಿ.

ಗ್ರೇಡ್ ಆಗದ ಕಾರ್ಡ್ ಕೈಗೆ ಬಂದರೆ ಎರಡು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಂದು, ಭೂತಗನ್ನಡಿ. ಹಳೆಯ ಲಿಥೊ (ಕಲ್ಲಚ್ಚು) ಮುದ್ರಣದಲ್ಲಿ ಅಕ್ಷರ ಮತ್ತು ಅಂಚಿನ ಗೆರೆ ಗಟ್ಟಿ ಬಣ್ಣದಲ್ಲಿರುತ್ತವೆ. ಈಗಿನ ನಕಲಿನಲ್ಲಿ ಅಕ್ಷರವೂ ಸೇರಿ ಎಲ್ಲವೂ ಒಂದೇ ಸಮನಾದ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ, ಯಾಕೆಂದರೆ ಅದು ಫೋಟೊ ತೆಗೆದು ಮತ್ತೆ ಮುದ್ರಿಸಿದ್ದು. ಎರಡು, ಕಿರಾಣಿ ಅಂಗಡಿಯಲ್ಲಿ ಖೋಟಾ ನೋಟು ನೋಡಲು ಇಟ್ಟಿರುತ್ತಾರಲ್ಲ, ಆ ನೇರಳೆ ಲೈಟು. ಕತ್ತಲೆ ಕೋಣೆಯಲ್ಲಿ ಕಾರ್ಡನ್ನು ಅದರ ಕೆಳಗೆ ಹಿಡಿಯಿರಿ. ಕಾಗದ ಬೆಳ್ಳಗೆ ಕಾಣಲು ಹಾಕುವ ರಾಸಾಯನಿಕ ಬಳಕೆಗೆ ಬಂದದ್ದು 1940ರ ದಶಕದಿಂದ ಈಚೆಗೆ. 1910ರ ಕಾಗದ ಮಂಕಾಗಿ ಸುಮ್ನೆ ಇರುತ್ತದೆ. ನೀಲಿಯಾಗಿ ಫಳಫಳ ಹೊಳೆದರೆ ಅದು ಅಸಲಿ ಅಲ್ಲ. ಹೊಳೆಯಲಿಲ್ಲ ಅಂದಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಬೇರೆ ಹಳೆಯ ಕಾಗದದ ಮೇಲೆ ಮುದ್ರಿಸುವವರೂ ಇದ್ದಾರೆ. ಎರಡೂ ಪರೀಕ್ಷೆ ಒಟ್ಟಿಗೆ ಮಾಡಿ.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತದೆ. ಬ್ರಿಟನ್ನಿನ ವಿಲ್ಸ್ ಕಂಪನಿ ಭಾರತದಲ್ಲಿ ಮಾರುತ್ತಿದ್ದ ಸಿಸರ್ಸ್ ಸಿಗರೇಟಿನ ಜೊತೆಯೂ ಅದೇ ಕಾಲದಲ್ಲಿ ಬಾಕ್ಸರ್‌ಗಳ ಕಾರ್ಡ್ ಸರಣಿ ಬಂದಿತ್ತು. ಹಾಗಾಗಿ ಬೆಂಗಳೂರು ದಂಡಿನ ಕಡೆಯ ಹಳೆಯ ಮನೆಗಳ ಆಲ್ಬಮ್, ಹಳೆಯ ಸಾಮಾನಿನ ಅಂಗಡಿಯ ಪೆಟ್ಟಿಗೆ ಸಿಕ್ಕರೆ ಬರೀ ಅಂಚೆಚೀಟಿ ನೋಡಿ ಮುಚ್ಚಿಡಬೇಡಿ. ಸಿಗರೇಟ್ ಕಾರ್ಡ್ ಇದೆಯಾ ಅಂತಲೂ ತಿರುವಿ ನೋಡಿ.

ಫೋಟೊ

ಕಾರ್ಡಿನ ಹತ್ತಿರಕ್ಕೆ ಬರುವ ಆಯ್ಕೆ ಇದೊಂದೇ. ಕೆಲವರಿಗೆ ಇದೇ ಮೊದಲು ಆಗಬಹುದು, ಅದಕ್ಕೂ ನನ್ನ ತಕರಾರಿಲ್ಲ. ಕಾರ್ಡಿನಲ್ಲಿರುವುದು ಬಣ್ಣ ಹಾಕಿದ ಚಿತ್ರ. ಫೋಟೊದಲ್ಲಿ ಅವನೇ ಇದ್ದಾನೆ. ಮೊಣಕಾಲಿನವರೆಗೆ ಬರುತ್ತವೆಯೇನೋ ಅನ್ನಿಸುವ ಉದ್ದದ ಕೈಗಳು, ಆ ಅಗಲವಾದ ಎದೆ. ಗಿಡ್ಡ ಮನುಷ್ಯ ಹೆವಿವೇಟ್‌ಗಳನ್ನು ಹೇಗೆ ಬೀಳಿಸಿದ ಅನ್ನುವುದು ಫೋಟೊ ನೋಡಿದ ಮೇಲೇ ಅರ್ಥವಾಗುತ್ತದೆ.

ಇಲ್ಲಿ ನೋಡಬೇಕಾದ್ದು ಹಿಂಬದಿ. ಪತ್ರಿಕೆ ಕಚೇರಿಯಲ್ಲಿ ಓಡಾಡಿದ ಫೋಟೊದ ಹಿಂದೆ ಏಜೆನ್ಸಿಯ ರಬ್ಬರ್ ಸ್ಟಾಂಪ್, ತಾರೀಕು, ಅಂಟಿಸಿದ ಚೀಟಿ, ಸಂಪಾದಕರ ಪೆನ್ಸಿಲ್ ಗುರುತು, ಏನಾದರೂ ಇರುತ್ತದೆ. ಇಂಥ ಫೋಟೊಗಳನ್ನು ನಾಲ್ಕು ಟೈಪ್ ಅಂತ ವಿಂಗಡಿಸುತ್ತಾರೆ. ಮೂಲ ನೆಗೆಟಿವ್‌ನಿಂದ, ತೆಗೆದ ಎರಡು ವರ್ಷದೊಳಗೆ ಮುದ್ರಿಸಿದ್ದು ಟೈಪ್ 1. ಅದೇ ನೆಗೆಟಿವ್‌ನಿಂದ ತುಂಬಾ ವರ್ಷ ಬಿಟ್ಟು ಮುದ್ರಿಸಿದ್ದು ಟೈಪ್ 2. ಮೂರು ಮತ್ತು ನಾಲ್ಕು, ತಂತಿ ಮೂಲಕ ಬಂದದ್ದು ಅಥವಾ ಇನ್ನೊಂದು ಫೋಟೊದಿಂದ ಮಾಡಿದ್ದು. ಬೆಲೆ ಇದೇ ಕ್ರಮದಲ್ಲಿ ಇಳಿಯುತ್ತದೆ. ಮಾರುವವನು ಹಿಂಬದಿಯ ಚಿತ್ರ ಹಾಕದಿದ್ದರೆ ಕೇಳಿ. ಕೇಳಿದರೂ ಕೊಡದಿದ್ದರೆ ಬಿಟ್ಟುಬಿಡಿ.

ಇನ್ನೊಂದು ಪ್ರಶ್ನೆ ಇದೆ, ಯಾವ ವಯಸ್ಸಿನ ಲ್ಯಾಂಗ್‌ಫೋರ್ಡ್? 1917ರಲ್ಲಿ ಫ್ರೆಡ್ ಫುಲ್ಟನ್ ಜೊತೆಗಿನ ಬೌಟ್‌ನಲ್ಲಿ ಅವನ ಒಂದು ಕಣ್ಣು ಹೋಯಿತು. ಇನ್ನೊಂದು ಕಣ್ಣೂ ಮಂಜಾಗುತ್ತಾ ಬಂತು. ಆದರೂ ಆಡಿದ, ಹೊಟ್ಟೆಪಾಡು. 1922ರಲ್ಲಿ ಅಟ್ಲಾಂಟಾದಲ್ಲಿ ಟೈಗರ್ ಫ್ಲವರ್ಸ್‌ನನ್ನು ಎರಡನೇ ಸುತ್ತಿನಲ್ಲೇ ನಾಕ್‌ಔಟ್ ಮಾಡಿದ. ಆ ಫ್ಲವರ್ಸ್ 1926ರಲ್ಲಿ ಮಿಡ್ಲ್‌ವೇಟ್ ವಿಶ್ವ ಚಾಂಪಿಯನ್ ಆದ! ಅದೇ ವರ್ಷ ಲ್ಯಾಂಗ್‌ಫೋರ್ಡ್ ರಿಂಗ್ ಬಿಟ್ಟ. 1944ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ಅಲ್ ಲೇನಿ ಅವನನ್ನು ಹುಡುಕಿಕೊಂಡು ಹೋದಾಗ ಹಾರ್ಲೆಮ್‌ನ ಒಂದು ಕೋಣೆಯಲ್ಲಿ ಕಣ್ಣಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಇದ್ದ. ಲೇಖನ ಓದಿದ ಜನ ದುಡ್ಡು ಕಳಿಸಿದರು, ಅವನಿಗಾಗಿ ನಿಧಿ ಮಾಡಿದರು. 1956ರ ಜನವರಿಯಲ್ಲಿ ತೀರಿಕೊಂಡ.

1944ರ ನಂತರದ ಫೋಟೊಗಳೂ ಮಾರಾಟಕ್ಕೆ ಬರುತ್ತವೆ. ಕಪ್ಪು ಕನ್ನಡಕ, ಕುರ್ಚಿ, ಒಂಟಿ ಮುದುಕ. ಅವು ಅಸಲಿ ಎಂದು ಸಾಬೀತು ಮಾಡುವುದು ಸುಲಭ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೂ ಒಂದೇ ಫೋಟೊ ಕೊಳ್ಳುವುದಾದರೆ ರಿಂಗಿನ ಕಾಲದ್ದೇ ಕೊಳ್ಳಿ ಅನ್ನುತ್ತೇನೆ. ಅವನ ಕಷ್ಟವನ್ನು ಎಲ್ಲರೂ ಬರೆದಿದ್ದಾರೆ. ಗೋಡೆಯ ಮೇಲೆ ಅವನು ಮುಷ್ಟಿ ಕಟ್ಟಿ ನಿಂತಿರಲಿ.

ಇದೇ ಗುಂಪಿಗೆ ಸೇರುವ ಇನ್ನೊಂದು ವಸ್ತು ಅಂದರೆ ಫೋಟೊ ಪೋಸ್ಟ್‌ಕಾರ್ಡ್. ಪ್ಯಾರಿಸ್ ಆ ಕಾಲದಲ್ಲಿ ಕಪ್ಪು ಬಾಕ್ಸರ್‌ಗಳಿಗೆ ಮರ್ಯಾದೆ ಕೊಟ್ಟ ಊರು. ಲ್ಯಾಂಗ್‌ಫೋರ್ಡ್ ಅಲ್ಲಿ ಮ್ಯಾಕ್‌ವೇ ಜೊತೆ, ಜೆನೆಟ್ ಜೊತೆ ಆಡಿದ. ಆಸ್ಟ್ರೇಲಿಯಾಕ್ಕೂ ಹೋದ, 1911ರ ಡಿಸೆಂಬರ್ 26ರಂದು ಸಿಡ್ನಿ ಸ್ಟೇಡಿಯಂನಲ್ಲಿ ಮ್ಯಾಕ್‌ವೇ ಎದುರು 20 ಸುತ್ತು ಆಡಿದ. ಪತ್ರಿಕೆ ಫೋಟೊಗಿಂತ ಪೋಸ್ಟ್‌ಕಾರ್ಡ್ ಚಿಕ್ಕದು, ಇಟ್ಟುಕೊಳ್ಳಲು ಸುಲಭ. ಹಿಂದೆ ಅಂಚೆ ಮುದ್ರೆ ಇದ್ದರೆ ತಾರೀಕೂ ಸಿಕ್ಕಿದ ಹಾಗೆ.

ಪ್ರೋಗ್ರಾಮ್ ಮತ್ತು ಹಳೆಯ ಪೇಪರ್

ಪ್ರೋಗ್ರಾಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1909ರ ಮೇ 24ರಂದು ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಇಂಗ್ಲಿಷ್ ಹೆವಿವೇಟ್ ಐರನ್ ಹೇಗ್‌ನನ್ನು ಲ್ಯಾಂಗ್‌ಫೋರ್ಡ್ ನಾಲ್ಕನೇ ಸುತ್ತಿನಲ್ಲಿ ಬೀಳಿಸಿದನಲ್ಲ, ಅಂಥ ರಾತ್ರಿಯ ಪ್ರೋಗ್ರಾಮ್ ಸಿಕ್ಕರೆ ಅದು ಕಾರ್ಡನ್ನೂ ಫೋಟೊವನ್ನೂ ಮೀರಿಸುತ್ತದೆ. ಆದರೆ ಸಿಗುವುದು ಅಪರೂಪ. ಅದಕ್ಕಾಗಿ ಕಾದು ಕೂರಬೇಡಿ.

ಹಳೆಯ ಪೇಪರ್ ಬೇರೆ ವಿಷಯ. ಇದನ್ನು ಸಂಗ್ರಹಕಾರರು ಕೀಳಾಗಿ ನೋಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಆಗಿನ ಅಮೆರಿಕದ ಹಲವು ಊರುಗಳಲ್ಲಿ ಬೌಟ್ ಮುಗಿದ ಮೇಲೆ ಗೆದ್ದವರ ಹೆಸರು ಘೋಷಿಸುವಂತೆಯೇ ಇರಲಿಲ್ಲ. ನಾಕ್‌ಔಟ್ ಆಗದಿದ್ದರೆ ನೋ ಡಿಸಿಷನ್. ಯಾರು ಗೆದ್ದರು ಅನ್ನುವುದು ಮಾರನೇ ದಿನದ ಪೇಪರ್‌ನಲ್ಲಿ ವರದಿಗಾರ ಬರೆದದ್ದೇ. 1910ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ಮಿಡ್ಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್ ಜೊತೆ ಆಡಿದ ಆರು ಸುತ್ತು ಹೀಗೇ ಆಯಿತು. ಒಂದು ಪೇಪರ್ ಒಬ್ಬನ ಕಡೆ, ಇನ್ನೊಂದು ಇನ್ನೊಬ್ಬನ ಕಡೆ. ಮತ್ತೆ ದೊಡ್ಡ ಬೌಟ್ ಆಗುತ್ತದೆ ಅಂತ ಜನ ಕಾಯುತ್ತಿರುವಾಗಲೇ ಅಕ್ಟೋಬರ್‌ನಲ್ಲಿ ಕೆಚೆಲ್ ಕೊಲೆಯಾದ. ಹಾಗಾಗಿ ಏಪ್ರಿಲ್ 28ರ ಪೇಪರ್ ಅಂದರೆ ಸುಮ್ನೆ ಸುದ್ದಿಯಲ್ಲ, ಆ ಬೌಟಿನ ತೀರ್ಪು ಇರುವುದೇ ಅದರಲ್ಲಿ. ಬೆಲೆಯೂ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ. ತೊಂದರೆ ಒಂದೇ. ಆಗಿನ ಪತ್ರಿಕೆ ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಬಿಡಿ ಕತ್ತರಿಸಿದ ತುಂಡಿಗಿಂತ ತಾರೀಕು ಕಾಣುವ ಪೂರ್ತಿ ಪುಟ ತೆಗೆದುಕೊಳ್ಳಿ, ಮಡಿಸದೆ ಚಪ್ಪಟೆಯಾಗಿ ಇಡಿ.

ಪೇಪರ್ ಕೊಳ್ಳುವಾಗ ವ್ಯಂಗ್ಯಚಿತ್ರಗಳು ಎದುರಾಗುತ್ತವೆ. ಕಪ್ಪು ಬಾಕ್ಸರ್‌ಗಳನ್ನು ತುಂಬಾ ಹೀನವಾಗಿ ಬರೆದ ಚಿತ್ರಗಳು. ಲ್ಯಾಂಗ್‌ಫೋರ್ಡ್‌ಗೆ ಪತ್ರಿಕೆಗಳು ಅಂಟಿಸಿದ ಅಡ್ಡಹೆಸರೂ ಅದೇ ಜಾತಿಯದ್ದು, ಎಷ್ಟೋ ಕಾಗದದ ಮೇಲೆ ಅಚ್ಚಾಗಿದೆ. ಅಡ್ಡಹೆಸರು ಇದೆ ಅಂತ ಒಳ್ಳೆಯ ಕಾಗದ ಬಿಡಬೇಕಿಲ್ಲ, ಆ ಕಾಲ ಹೇಗಿತ್ತು ಅನ್ನುವುದೂ ಗೊತ್ತಾಗಬೇಕು. ಆದರೆ ಬರೀ ಅವಮಾನಕ್ಕೆಂದೇ ಬರೆದ ಚಿತ್ರಕ್ಕೆ, ಅಪರೂಪದ್ದು ಅನ್ನುವ ಕಾರಣ ಕೊಟ್ಟು, ಜಾಸ್ತಿ ದುಡ್ಡು ಕೊಟ್ಟು ಮನೆಗೆ ತರುವುದು ನನಗೆ ಒಪ್ಪಿಗೆಯಿಲ್ಲ.

ಸಹಿ

ಎಲ್ಲರಿಗೂ ಮೊದಲು ಆಸೆಯಾಗುವುದು ಇದರ ಮೇಲೇ. ಅವನ ಕೈ ಮುಟ್ಟಿದ ಕಾಗದ! ಆಸೆ ಅರ್ಥವಾಗುತ್ತದೆ. ಆದರೆ ಸ್ವಲ್ಪ ಯೋಚಿಸಿ. ಬದುಕಿನ ಕೊನೆಯ ದಶಕಗಳಲ್ಲಿ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಹೆಸರು ಕೇಳಿ ಸಹಿಗೆ ಬರುವವರು ಇದ್ದ ಕಾಲದಲ್ಲಿ ಆತ ಯಾರಿಗೂ ಬೇಡವಾಗಿದ್ದ. ಹಾಗಿರುವಾಗ ಅಸಲಿ ಸಹಿ ಹೆಚ್ಚು ಸಂಖ್ಯೆಯಲ್ಲಿ ಉಳಿದಿರುವುದು ಹೇಗೆ? ಹೋಲಿಸಿ ನೋಡಲು ನಂಬಿಕೆಯ ಸಹಿಗಳೇ ಕಡಿಮೆ ಇದ್ದಾಗ ಪರಿಣತರ ಸರ್ಟಿಫಿಕೇಟ್‌ಗೂ ಬಲ ಕಡಿಮೆ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಅನ್ನುವ ಹೆಸರಿನಲ್ಲಿ ಖೋಟಾ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಅಲ್ಲಿ ಸಿಕ್ಕ ಖೋಟಾ ಸಹಿಗಳ ಜೊತೆಗೂ ಸರ್ಟಿಫಿಕೇಟ್‌ಗಳಿದ್ದವು.

ಆದರೂ ಸಹಿಯೇ ಬೇಕು ಅನ್ನುವವರು ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇಂಥ ಸಹಿ ಪರೀಕ್ಷಿಸುವ, ಹೆಸರಿರುವ ಕಂಪನಿಯ ಪತ್ರ ಇದ್ದರೆ ಮಾತ್ರ ಮುಂದುವರಿಯಿರಿ. ಸಹಿ ಯಾವ ವರ್ಷದ್ದು, ಯಾರಿಗೆ ಮಾಡಿದ್ದು, ಅವರಿಂದ ಈಗ ಮಾರುವವನ ಕೈಗೆ ಹೇಗೆ ಬಂತು, ಈ ಮೂರಕ್ಕೂ ಉತ್ತರ ಇರಬೇಕು. ಕುರುಡನಾದ ಮೇಲಿನ ಸಹಿ ನುಣುಪಾಗಿ, ಗೆರೆ ಎಳೆದ ಹಾಗೆ ನೇರವಾಗಿದ್ದರೆ ನಾನಂತೂ ಮುಟ್ಟುವುದಿಲ್ಲ. ಅದೇ ದುಡ್ಡಿಗೆ ಒಳ್ಳೆಯ ಕಾರ್ಡೂ ಟೈಪ್ 1 ಫೋಟೊವೂ ಸೇರಿ ಬರಬಹುದು.

ಬೇರೆ ಹೆಸರುಗಳು

ಪಟ್ಟ ಸಿಗದ ಮಹಾನ್ ಬಾಕ್ಸರ್ ಅಂದರೆ ಲ್ಯಾಂಗ್‌ಫೋರ್ಡ್ ಒಬ್ಬನೇ ಅಲ್ಲ. ಪೀಟರ್ ಜಾಕ್ಸನ್ ಇದ್ದಾನೆ, 1891ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜಿಮ್ ಕಾರ್ಬೆಟ್ ಜೊತೆ 61 ಸುತ್ತು ಆಡಿದವನು. ಅವನ ಕಾಗದ ಇನ್ನೂ ಹಳೆಯದು, ಇನ್ನೂ ಕಷ್ಟ. ಚಾರ್ಲಿ ಬರ್ಲಿ 1940ರ ದಶಕದವನು, ಸಿಗರೇಟ್ ಕಾರ್ಡ್ ಕಾಲ ಮುಗಿದಿತ್ತು, ಫೋಟೊ ಮಾತ್ರ ನೋಡಬೇಕು. ಹ್ಯಾರಿ ವಿಲ್ಸ್‌ನದು ಒಂದು ವಿಚಿತ್ರ ವಸ್ತು ಇದೆ. ಡೆಂಪ್ಸಿ ಎದುರು 1924ರಲ್ಲಿ ಜರ್ಸಿ ಸಿಟಿಯಲ್ಲಿ ಟೈಟಲ್ ಫೈಟ್ ಅಂತ ಟಿಕೆಟ್ ಕೂಡ ಅಚ್ಚಾಗಿತ್ತು, ಫೈಟ್ ನಡೆಯಲೇ ಇಲ್ಲ. ಅಂಥ ಟಿಕೆಟ್ ಎಲ್ಲಾದರೂ ಕಂಡು, ಅಸಲಿ ಅಂತ ಖಾತ್ರಿಯಾದರೆ, ಲ್ಯಾಂಗ್‌ಫೋರ್ಡ್ ಕಾರ್ಡ್ ಪಕ್ಕಕ್ಕಿಟ್ಟು ಅದನ್ನೇ ಕೊಳ್ಳಿ ಅಂತ ನಾನೇ ಹೇಳುತ್ತೇನೆ.

ತರಿಸುವುದು, ಇಡುವುದು

ಇವೆಲ್ಲ ಹೆಚ್ಚಾಗಿ ಅಮೆರಿಕ, ಬ್ರಿಟನ್ ಕಡೆಯಿಂದಲೇ ಬರಬೇಕು. ವಸ್ತುವಿನ ಬೆಲೆಯ ಮೇಲೆ ಕೊರಿಯರ್, ಕಸ್ಟಮ್ಸ್ ಸುಂಕ, ತೆರಿಗೆ ಎಲ್ಲ ಸೇರುತ್ತದೆ. ಕೊಳ್ಳುವ ಮುಂಚೆಯೇ ಒಟ್ಟು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ನೆಂಟರು ಯಾರಾದರೂ ಅಲ್ಲಿದ್ದರೆ ಅವರ ವಿಳಾಸಕ್ಕೆ ತರಿಸಿ, ಊರಿಗೆ ಬರುವಾಗ ತರಲು ಹೇಳಬಹುದು. ಕಾಗದವಾದ್ದರಿಂದ ಸೂಟ್‌ಕೇಸ್‌ನಲ್ಲಿ ಜಾಗ ಬೇಕಿಲ್ಲ, ಆದರೆ ಬಿಲ್ ಜೊತೆಗಿರಲಿ.

ಬಂದ ಮೇಲೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ದೇವರ ಫೋಟೊವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡುವ ಅಭ್ಯಾಸ. ಹಳೆಯ ಕಾರ್ಡಿಗೆ ಬಿಸಿ ಪ್ಲಾಸ್ಟಿಕ್ ಅಂಟಿಸಿದರೆ ಮತ್ತೆ ಬಿಡಿಸಲು ಆಗುವುದಿಲ್ಲ, ಅದರ ಬೆಲೆ ಅಲ್ಲಿಗೆ ಮುಗಿಯಿತು. ಸೆಲ್ಲೊಟೇಪ್ ಬೇಡ, ಆಲ್ಬಮ್ಮಿಗೆ ಗೋಂದು ಹಾಕುವುದೂ ಬೇಡ. ಆಮ್ಲ ಇಲ್ಲದ ಕವರ್, ಅದರ ಹೊರಗೆ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್. ಮಂಗಳೂರು, ಕಾರವಾರ, ಮಡಿಕೇರಿ ಕಡೆಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನ್ಯಾಫ್ತಲೀನ್ ಗುಳಿಗೆಯನ್ನು ಫೋಟೊ ಪಕ್ಕ ಇಡಬೇಡಿ. ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ ಗೋಡೆ.

ಇನ್ನು ಈಗ ಅಸಲಿಗೆ ದುಡ್ಡು ಹಾಕಲು ಆಗುವುದಿಲ್ಲ ಅನ್ನುವವರು ಹೊಸ ಕಾಲದ ನಕಲಿ ಕಾರ್ಡ್, "ಸೀಮಿತ ಆವೃತ್ತಿ" ಪೋಸ್ಟರ್ ಕೊಳ್ಳುವ ಬದಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಿಗೆ ಹೋಗಿ. ಬೇನ್ ಅನ್ನುವ ಹಳೆಯ ಸುದ್ದಿ ಏಜೆನ್ಸಿಯ ನೆಗೆಟಿವ್‌ಗಳನ್ನು ಅಲ್ಲಿ ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಬಾಕ್ಸರ್‌ಗಳ ಚಿತ್ರ ತುಂಬಾ ಇವೆ. ಲ್ಯಾಂಗ್‌ಫೋರ್ಡ್ ಹೆಸರು ಹಾಕಿ ಹುಡುಕಿ, ಇಳಿಸಿಕೊಂಡು ಊರಿನ ಸ್ಟುಡಿಯೊದಲ್ಲಿ ಒಳ್ಳೆಯ ಮ್ಯಾಟ್ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ. ಉಳಿಸಿದ ದುಡ್ಡನ್ನು ಕಾರ್ಡಿಗೆ ಎತ್ತಿಡಿ.